ನಮ್ಮ ವಂಶದಲ್ಲಿ ಅಂಥದ್ದೇನೂ ಇಲ್ಲ

2003ನೇ ಇಸವಿಯ ಮಾತು. ನಾನು ಹೊಳೆನರಸೀಪುರದ ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ವರ್ಷಗಟ್ಟಲೆ ಕಂಡವರ ಸಾಕ್ಷಿ ಕೇಳಿದ ಕಿವಿಗೆ ಕೆಲಸವಿಲ್ಲದಂತಾಗಿ, ಮನೆಯಲ್ಲಿ ಹುಳಿಯ ಉಪ್ಪುಖಾರದ ಮೇಲೆ ತೀರ್ಪು ಕೊಡಲು ಶುರು ಮಾಡಿದ್ದೆ. ನನ್ನಾಕೆ ಅಹವಾಲು ಕೇಳದೆ ನನ್ನನ್ನು ಹಾಸನದ ಮಗಳ ಮನೆಗೆ ಕೆಲಕಾಲ ಗಡೀಪಾರು ಮಾಡಿದಳು.

ಆ ಮನೆಯಲ್ಲಿ ಮಗಳು ಸುಮಾ, ಅಳಿಯ ರಘು, ರಘುವಿನ ತಾಯಿ ಕಮಲಮ್ಮನವರು, ಮದುವೆಯ ವಯಸ್ಸಿಗೆ ಬಂದಿದ್ದ ಅವನ ತಂಗಿ ಲತಾ ಇದ್ದರು. ಇವರೆಲ್ಲರನ್ನೂ ಆಳುತ್ತಿದ್ದವಳು ಏಳು ವರ್ಷದ ಮೊಮ್ಮಗಳು ಚಿನ್ಮಯಿ. ಮನೆಯಲ್ಲಿ ಚುಮ್ಮಿ.

ಚುಮ್ಮಿಯ ಮೇಲೆ ಶಾಲೆಯವರ ದೂರು ಬಹಳವಿತ್ತು. ಕೂತಲ್ಲಿ ಕೂರುವುದಿಲ್ಲ, ಬರೆಯುತ್ತ ಬರೆಯುತ್ತ ಎದ್ದು ಕಿಟಕಿಗೆ ಹೋಗುತ್ತಾಳೆ, ಪಕ್ಕದವಳ ಪೆನ್ಸಿಲನ್ನು ಚೂಪು ಮಾಡುತ್ತ ಮಾಡುತ್ತ ಇಲ್ಲವಾಗಿಸುತ್ತಾಳೆ. ಮಕ್ಕಳ ಡಾಕ್ಟರು ನೋಡಿ, ಮನಸ್ಸಿನ ವೈದ್ಯರೊಬ್ಬರಲ್ಲಿಗೆ ಕಳಿಸಿದರು. ರಘು, ಸುಮಾ, ಕಮಲಮ್ಮನವರು, ನಾನು, ನಾಲ್ವರೂ ಹೋದೆವು. ಮಗುವಿನ ಕಾಯಿಲೆಗೆ ಇಷ್ಟು ಜನ ಹೋಗದಿದ್ದರೆ ಕಾಯಿಲೆಗೇ ಅವಮಾನ.

ಆ ವೈದ್ಯರು ನಿಧಾನಸ್ಥರು. ಬಹಳ ಹೊತ್ತು ಚುಮ್ಮಿಯೊಂದಿಗೆ ಆಟವಾಡಿ ಮಾತಾಡಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, “ಎರಡೂ ಮನೆತನದಲ್ಲಿ ಯಾರಿಗಾದರೂ ಮನಸ್ಸಿಗೆ ಸಂಬಂಧಪಟ್ಟ ಕಾಯಿಲೆ ಇತ್ತಾ?” ಎಂದು ಕೇಳಿದರು.

ನಾನು ನಮ್ಮ ಕಡೆಯದನ್ನೆಲ್ಲ ಒಪ್ಪಿಸಿದೆ. ನಮ್ಮ ತಂದೆಯ ಗೂರಲು, ನಮ್ಮಜ್ಜನ ಮುಂಗೋಪ, ಕೇಳದಿದ್ದರೂ ನನ್ನ ಮೂಲವ್ಯಾಧಿ. ಕಮಲಮ್ಮನವರು ಸೆರಗು ಸರಿಪಡಿಸಿಕೊಂಡು, “ನಮ್ಮ ವಂಶದಲ್ಲಿ ಅಂಥದ್ದೇನೂ ಇಲ್ಲ ಡಾಕ್ಟ್ರೇ. ನೀವು ಯಾರನ್ನ ಬೇಕಾದ್ರೂ ವಿಚಾರಿಸಿ” ಎಂದರು. ಆ ಪ್ರಶ್ನೆಯನ್ನು ವೈದ್ಯರೊಬ್ಬರಿಂದ ಅವರು ಕೇಳಿದ್ದು ಅದೇ ಮೊದಲು. ಲತಾಳನ್ನು ನೋಡಲು ಬರುವ ಗಂಡಿನ ಕಡೆಯವರಿಂದ ಬೇಕಾದಷ್ಟು ಸಲ ಕೇಳಿದ್ದರು. ಹಾಗಾಗಿ ಉತ್ತರ ನಾಲಗೆಯ ತುದಿಯಲ್ಲೇ ಸಿದ್ಧವಿತ್ತು. ಪಕ್ಕದಲ್ಲಿದ್ದ ರಘು ಮೇಜಿನ ಮೇಲಿದ್ದ ಪೇಪರ್‌ವೇಟನ್ನೇ ನೋಡುತ್ತಿದ್ದ.

ವೈದ್ಯರು ಗಮನ ನಿಲ್ಲಲು ಒಂದು ಮಾತ್ರೆ ಬರೆದುಕೊಟ್ಟರು. “ಇದು ಚುರುಕುಗೊಳಿಸುವ ಜಾತಿಯ ಔಷಧಿ. ಬಹಳ ಮಕ್ಕಳಿಗೆ ಒಗ್ಗುತ್ತೆ. ಆದ್ರೆ ನಿದ್ದೆ ಕೆಟ್ಟರೆ, ಸ್ವಭಾವ ಬೇರೆ ಥರ ಆದ್ರೆ, ಒಂದು ದಿನಾನೂ ಕಾಯಬೇಡಿ” ಎಂದು ಸುಮಾಗೆ ಒತ್ತಿ ಹೇಳಿದರು.

ಮೊದಲು ಎಲ್ಲವೂ ಚೆನ್ನಾಗಿತ್ತು. ಚುಮ್ಮಿ ಕೂತು ಬರೆದಳು. ಶಾಲೆಯವರು ಹೊಗಳಿ ಕಳಿಸಿದರು. ನಾವು ಮಾತ್ರೆಯನ್ನು ಕುಲದೇವರ ಪಕ್ಕದಲ್ಲಿಡುವುದೊಂದೇ ಬಾಕಿ.

ಎರಡನೆಯ ವಾರ ಮಗು ಬದಲಾಯಿತು. ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅವಳು ಎದ್ದು ಬಹಳ ಹೊತ್ತಾಗಿರುತ್ತಿತ್ತು. ಮಲಗಿದ್ದಳೋ ಇಲ್ಲವೋ ಎಂಬುದೇ ಅನುಮಾನ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಹಜಾರದಲ್ಲಿ ಸಾಲಾಗಿ ಜೋಡಿಸಿರುತ್ತಿದ್ದಳು. ಆದರೂ ದಣಿವಿಲ್ಲ. ಕಣ್ಣು ಎಣ್ಣೆ ಹಾಕಿದ ದೀಪದ ಹಾಗೆ. ಮಾತಿನ ಹಿಂದೆ ಮಾತು, ಒಂದು ಮುಗಿಯುವ ಮೊದಲೇ ಇನ್ನೊಂದು. ತಡೆದರೆ ರೇಗಿ ತಾಯಿಗೆ ಹೊಡೆಯುತ್ತಿದ್ದಳು, ಮರುಗಳಿಗೆ ಬಿಕ್ಕಿಬಿಕ್ಕಿ ಅಳುತ್ತಿದ್ದಳು.

“ತಾತ, ರುದ್ರಪಟ್ಟಣದಲ್ಲಿ ನನ್ನ ಕಚೇರಿ ಇದೆ. ಎಲ್ಲರೂ ಕಾಯ್ತಾ ಇದ್ದಾರೆ” ಎಂದಳು ಒಂದು ದಿನ. ಹೊಳೆಯ ದಂಡೆಯ ರುದ್ರಪಟ್ಟಣ ಸಂಗೀತಗಾರರ ಊರು. ಪಕ್ಕದ ಮನೆಯವರಲ್ಲಿ ಅವಳು ಸಂಗೀತ ಕಲಿಯುತ್ತಿದ್ದದ್ದು ನಿಜ. ಪಾಠ ಇನ್ನೂ ಸರಳೆ ವರಸೆಯಲ್ಲೇ ಇತ್ತು. ನಾನು ನಕ್ಕು, “ಪಕ್ಕವಾದ್ಯಕ್ಕೆ ಯಾರಮ್ಮ?” ಎಂದೆ. ಅವಳು ನಗಲಿಲ್ಲ. “ನನಗೆ ಪಕ್ಕವಾದ್ಯ ಬೇಡ. ನಾನು ಹಾಡಿದ್ರೆ ಹೊಳೆ ನಿಲ್ಲುತ್ತೆ” ಎಂದಳು. ಆ ಮುಖ ನೋಡಿ ನನ್ನ ನಗು ಅಲ್ಲಿಗೇ ನಿಂತಿತು.

ಸುಮಾ ಶುಕ್ರವಾರವೇ ವೈದ್ಯರ ಬಳಿ ಹೊರಟಳು. ಕಮಲಮ್ಮನವರು ಬಾಗಿಲಿಗೇ ಬಂದು ನಿಂತರು.

“ಭಾನುವಾರ ಚನ್ನರಾಯಪಟ್ಟಣದವರು ಲತಾನ ನೋಡೋಕೆ ಬರ್ತಾರೆ. ಈಗ ಮಗೂನ ಹುಚ್ಚಿನ ಡಾಕ್ಟರ ಹತ್ರ ಎತ್ಕೊಂಡು ಓಡಿದ್ರೆ ಬೀದಿಯವರು ಸುಮ್ನಿರ್ತಾರೇನೆ? ದೃಷ್ಟಿ ತೆಗೀತೀನಿ. ಸೋಮವಾರ ಹೋಗುವಿಯಂತೆ.”

“ಒಂದು ದಿನಾನೂ ಕಾಯಬೇಡಿ ಅಂದಿದ್ದಾರೆ ಅತ್ತೆ.”

“ಡಾಕ್ಟರು ಅನ್ನೋದೇ ಹಾಗೆ.”

ಸುಮಾ ಗಂಡನ ಮುಖ ನೋಡಿದಳು. ರಘು ನೆಲ ನೋಡಿದ. ಸುಮಾ ತಾನಾಗಿಯೇ ಮಾತ್ರೆ ಕೊಡುವುದನ್ನು ನಿಲ್ಲಿಸಿದಳು. ಚುಮ್ಮಿಯ ಓಟ ಮಾತ್ರ ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಅರಕಲಗೂಡಿನಿಂದ ರಘುವಿನ ಚಿಕ್ಕಪ್ಪ ಸುಬ್ಬಣ್ಣ ಬಂದ. ರಘುವಿನ ತಂದೆ ತೀರಿಹೋಗಿದ್ದರಿಂದ ಗಂಡಿನವರಿಗೆ ತೋರಿಸಲು ಮನೆಗೊಬ್ಬ ಹಿರಿಯ ಬೇಕಿತ್ತು. ಸುಬ್ಬಣ್ಣ ಅರಕಲಗೂಡಿನಲ್ಲಿ ಟೈಪಿಂಗ್ ಕಲಿಸುವ ಶಾಲೆ ಇಟ್ಟುಕೊಂಡಿದ್ದ ಒಂಟಿ ಮನುಷ್ಯ. ಯಾಕೆ ಮದುವೆಯಾಗಲಿಲ್ಲವೆಂದು ನಾನು ಹಿಂದೊಮ್ಮೆ ಕೇಳಿದಾಗ, “ಅವನಿಗೆ ಆ ಮೆಷಿನ್ನುಗಳ ಮಧ್ಯೆ ಪುರುಸೊತ್ತೆಲ್ಲಿ?” ಎಂದಿದ್ದರು ಕಮಲಮ್ಮನವರು. ಟೈಪ್‌ರೈಟರು ಬ್ರಹ್ಮಚರ್ಯಕ್ಕೆ ಕಾರಣವಾದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಆದರೂ ಬೀಗರ ಮಾತೆಂದು ಒಪ್ಪಿಕೊಂಡಿದ್ದೆ.

ಸುಬ್ಬಣ್ಣ ಚುಮ್ಮಿಯನ್ನು ಎರಡು ನಿಮಿಷ ಮಾತಾಡಿಸಿದ. ಅವನ ಮುಖ ಕಳೆಗುಂದಿತು. “ಸುಮಾ, ಈ ಮಗು ಸರಿಯಾಗಿ ಮಲಗಿ ಎಷ್ಟು ದಿನ ಆಯ್ತಮ್ಮ?” ಎಂದು ಕೇಳಿದ. ಅವಳು ಬಾಯಿ ತೆರೆಯುವ ಮೊದಲೇ ಕಮಲಮ್ಮನವರು, “ಸುಬ್ಬಣ್ಣ, ನೀನು ಒಳಗೆ ಬಾ. ಇವತ್ತು ನೀನು ಬಾಯಿ ಬಿಡೋದು ಕಾಫಿ ಕುಡಿಯೋದಕ್ಕೆ ಮಾತ್ರ” ಎಂದರು.

ಹನ್ನೊಂದರ ಹೊತ್ತಿಗೆ ಗಂಡಿನವರು ವ್ಯಾನಿನಲ್ಲಿ ಬಂದಿಳಿದರು. ಉಪ್ಪಿಟ್ಟು, ಕೇಸರಿಬಾತು, ಲತಾಳ ದೇವರನಾಮ, ಎಲ್ಲವೂ ಶಾಸ್ತ್ರೋಕ್ತವಾಗಿ ನಡೆದವು. ಗಂಡಿನ ತಂದೆ ತಟ್ಟೆ ಕೆಳಗಿಟ್ಟು, “ಚಿಕ್ಕ ಮಗು ಇದೆ ಅಂದ್ರಲ್ಲ, ಎಲ್ಲಿ?” ಎಂದರು.

ಚುಮ್ಮಿ ಇರಲಿಲ್ಲ.

ಕೋಣೆ, ಹಿತ್ತಿಲು, ಮಹಡಿ, ಪಕ್ಕದ ಮನೆ, ಎಲ್ಲಿಯೂ ಇಲ್ಲ. ಅವಳ ಜರಿಲಂಗ ಗೂಟದಲ್ಲಿರಲಿಲ್ಲ. ರಘು ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಸುಮಾ ಬರಿಗಾಲಲ್ಲಿ ಬೀದಿಯ ತುದಿಯವರೆಗೆ ಹೋಗಿ ಕೂಗಿ ಬಂದಳು. ನಾನು ಗೇಟು ಹಿಡಿದು ನಿಂತೆ. ರಘು ಬರಿಗೈಯಲ್ಲಿ ವಾಪಸಾಗುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಾನೇ ಎತ್ತಿದೆ.

“ಅಲೋ, ಸಾ, ಚಿನ್ಮಯಿ ಅನ್ನೋ ಮಗ ನಿಮ್ದಾ? ನಂಬರ್ ಅದೇ ಏಳ್ತು. ನಾ ಬಸ್ ಕಂಡಕ್ಟ್ರು, ಶಾಂತಿಗ್ರಾಮದಿಂದ ಮಾತಾಡ್ತಾ ಇವ್ನಿ. ಬೇಗ ಬನ್ನಿ ಸಾ. ಇದ್ನ ಇಡ್ಕೊಳಕ್ಕೆ ಆಯ್ತಾ ಇಲ್ಲ.”

ಗಂಡಿನ ತಂದೆ ಆಗಲೇ ವ್ಯಾನಿನ ಬಾಗಿಲು ತೆಗೆದಿದ್ದರು. ಕಮಲಮ್ಮನವರು, ರಘು, ಸುಮಾ, ನಾನು ಹತ್ತಿದೆವು. ಯಾರೂ ಕರೆಯದಿದ್ದರೂ ಸುಬ್ಬಣ್ಣ ಹಿಂದೆ ಬಂದು ಕೂತ. ಶಾಂತಿಗ್ರಾಮ ದೂರವೇನಲ್ಲ. ಆ ದಿನದ ಮಟ್ಟಿಗೆ ಅದು ಕಾಶಿಯಷ್ಟು ದೂರವಿತ್ತು.

ರಸ್ತೆಯ ಬದಿ ಬಸ್ಸು ನಿಂತಿತ್ತು. ಒಳಗಿನಿಂದ ಯಾರೋ, “ಓಗಣ ಕಂಡಕ್ಟ್ರೇ, ನಮ್ಗೇನು ಮನೆ ಮಠ ಇಲ್ವಾ?” ಎಂದು ಕೂಗುತ್ತಿದ್ದರು. “ನಿಮ್ ಮಗಳಾಗಿದ್ರೆ ಇಂಗೇ ಅಂತಿದ್ರಾ? ಸುಮ್ಕೆ ಕೂತ್ಕೊಳಿ!” ಎಂದು ಕಂಡಕ್ಟರ್ ತಿರುಗಿ ಗದರಿದ. ಜರಿಲಂಗ ಉಟ್ಟ ಚುಮ್ಮಿಯನ್ನು ಅವನೂ ಒಬ್ಬ ಹೆಂಗಸೂ ಎರಡು ಕಡೆಯಿಂದ ಹಿಡಿದಿದ್ದರು. ಅವಳು ಏರಿದ ದನಿಯಲ್ಲಿ ಹಾಡುತ್ತಿದ್ದಳು. ಗಂಟಲು ಒಡೆದುಹೋಗಿತ್ತು.

“ಯಾರ ಜೊತೇಲೋ ಅದೆ ಅಂದ್ಕಂಡೆ ಸಾ. ಟಿಕೀಟು ಕೇಳುದ್ರೆ ಹಾಡ್ಗಾರ್ರಿಗೆ ಟಿಕೀಟಾ ಅಂತದೆ. ರುದ್ರಪಟ್ಣಕ್ಕೆ ಓಗ್ಬೇಕಂತೆ. ಇದು ಚನ್ರಾಯಪಟ್ಣದ ಬಸ್ಸು ಕಣವ್ವ ಅಂತ ಇಳುಸ್ದೆ. ಇಳೀತಿದ್ದಂಗೇ ರೋಡಿಗೆ ನುಗ್ಬುಡ್ತು. ಎದುರ್ಗೆ ಲಾರಿ. ಓಡ್ಲಿಲ್ಲ ಸಾ, ಕೈ ಅಡ್ಡ ಇಟ್ಟು ನಿಂತ್ಕಂತು. ನಾ ಏಳುದ್ರೆ ನಿಲ್ತದೆ ಅಂತು.”

“ನಿಂತಿತಾ?” ಎಂದು ಸುಮಾ ಕೇಳಿದಳು. ಮಗು ಕಣ್ಣೆದುರೇ ಇತ್ತು, ಆದರೂ ಕೇಳಿದಳು.

“ನಾ ಎಳ್ಕಂಡೆ ಕಣವ್ವ. ಲಾರಿ ಎಲ್ ನಿಲ್ತದೆ” ಎಂದು ಅವನು ಬೆವರು ಒರೆಸಿಕೊಂಡ. ನಾವು ಕೈ ಮುಗಿಯುವಷ್ಟರಲ್ಲಿ ಸೀಟಿ ಊದಿ ಹತ್ತಿಬಿಟ್ಟ. ಅವನ ಹೆಸರನ್ನೂ ಕೇಳಲಿಲ್ಲ.

ನೇರವಾಗಿ ವೈದ್ಯರ ಮನೆಗೆ ಹೋದೆವು. ಭಾನುವಾರವೆನ್ನದೆ ಹಜಾರದಲ್ಲೇ ಕೂರಿಸಿ ನೋಡಿದರು. ಚುಮ್ಮಿ ಅವರ ಕನ್ನಡಕ ಕಿತ್ತುಕೊಂಡಳು, ಕ್ಷಮಿಸಿದೆನೆಂದು ಹೇಳಿ ವಾಪಸು ಕೊಟ್ಟಳು. ವೈದ್ಯರು ನಗಲಿಲ್ಲ.

“ಇದು ಮಾತ್ರೆಯಿಂದಲೇ ಆಗಿರಬಹುದು. ಒಳಗೆ ಬೇರೆ ಕಾಯಿಲೆ ಇದ್ದು, ಮಾತ್ರೆ ಅದನ್ನ ಕೆದಕಿರಲೂಬಹುದು. ಮುಂದಿನ ಔಷಧಿ ಅದರ ಮೇಲೆ ನಿಂತಿದೆ. ಅದಕ್ಕೇ ಮತ್ತೆ ಕೇಳ್ತೀನಿ. ಮನೆಯಲ್ಲಿ ಯಾರಿಗಾದರೂ ನಿದ್ದೆಯಿಲ್ಲದೆ ಉಬ್ಬಿ ಮಾತಾಡೋದು, ಆಮೇಲೆ ತಿಂಗಳುಗಟ್ಟಲೆ ಕುಸಿದು ಕೂರೋದು, ಹೀಗೇನಾದರೂ ಇತ್ತಾ?”

ಪಕ್ಕದ ಕುರ್ಚಿಯಲ್ಲಿ ಗಂಡಿನ ತಂದೆ ಕೂತಿದ್ದರು. ಎದ್ದು ಹೊರಗೆ ಹೋಗಬೇಕೆಂದು ಅವರಿಗೆ ಹೊಳೆಯಲಿಲ್ಲ, ಹೋಗಿ ಎನ್ನಲು ನಮಗೆ ಬಾಯಿ ಬರಲಿಲ್ಲ. ಕಮಲಮ್ಮನವರು ಅವರತ್ತ ಒಮ್ಮೆ, ಮಗುವಿನತ್ತ ಒಮ್ಮೆ ನೋಡಿದರು.

“ಇಲ್ಲ ಡಾಕ್ಟ್ರೇ. ನಮ್ಮ ವಂಶದಲ್ಲಿ...”

“ನನಗಿದೆ” ಎಂದ ಸುಬ್ಬಣ್ಣ.

ಬಾಗಿಲ ಬಳಿ ನಿಂತಿದ್ದವನು ಮುಂದೆ ಬಂದು ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ವೈದ್ಯರ ಕೈಗಿತ್ತ. “ಇಪ್ಪತ್ತು ವರ್ಷದಿಂದ ನುಂಗ್ತಾ ಇದ್ದೀನಿ ಸಾರ್. ಅರಕಲಗೂಡಿನ ಪೇಟೆಬೀದೀಲಿ ನಿಂತು, ನಾನು ಹೇಳಿದ್ರೆ ಮಳೆ ಬರುತ್ತೆ ಅಂತ ಜನ ಸೇರಿಸ್ತಿದ್ದೆ. ಅದು ಸುಳ್ಳು ಅಂತ ಆಗ ನನಗೆ ಅನ್ನಿಸ್ತಾನೇ ಇರಲಿಲ್ಲ. ಬೆಳಿಗ್ಗೆ ಈ ಮಗೂನ ಮಾತಾಡಿಸಿದಾಗ ನನ್ನನ್ನೇ ನೋಡಿದ ಹಾಗಾಯ್ತು. ಆಗಲೇ ಹೇಳಬೇಕಾಗಿತ್ತು.” ಕಮಲಮ್ಮನವರ ಕಡೆ ತಿರುಗಿ, “ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಲತಾಗೆ ಇನ್ನೊಂದು ಗಂಡು ಸಿಗುತ್ತೆ” ಎಂದ.

ಎಷ್ಟೋ ಸಾಕ್ಷಿಗಳು ದೇವರ ಮೇಲೆ ಪ್ರಮಾಣ ಮಾಡಿ ಹೇಳಿದ್ದನ್ನು ಕೇಳಿದವನು ನಾನು. ಪ್ರಮಾಣವಿಲ್ಲದೆ, ಯಾರೂ ಸಮನ್ಸು ಕಳಿಸದೆ, ತನ್ನ ವಿರುದ್ಧ ತಾನೇ ಬಂದು ನಿಂತ ಸಾಕ್ಷಿಯನ್ನು ಕಂಡದ್ದು ಅದೊಂದೇ.

ವೈದ್ಯರು ಆ ಮಾತ್ರೆಯನ್ನು ಇನ್ನು ಕೊಡಲೇಬಾರದೆಂದು ಹೇಳಿ, ಚುಮ್ಮಿಯನ್ನು ಆಸ್ಪತ್ರೆಯಲ್ಲಿರಿಸಿಕೊಂಡು ಬೇರೆ ಔಷಧಿ ಕೊಟ್ಟರು. ಮರುದಿನ ಮಧ್ಯಾಹ್ನ ಮಗು ನಿದ್ದೆ ಹೋಯಿತು. ಸುಮಾ ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, ಗೋಡೆಗೊರಗಿ ಅತ್ತಳು. ಕೆಲವು ದಿನಗಳಲ್ಲಿ ಚುಮ್ಮಿ ಹಳೆಯ ಚುಮ್ಮಿಯಾಗಿ ಪೆನ್ಸಿಲ್ ಕೇಳಿದಳು.

ಸುಬ್ಬಣ್ಣನ ಕಾಯಿಲೆಗೆ ಬೈಪೋಲಾರ್ ಎಂಬ ಹೆಸರಿರುವುದನ್ನು ನಾನು ಮೊದಲು ಕೇಳಿದ್ದು ಆಗಲೇ. ಆದರೆ ವೈದ್ಯರು ಅದನ್ನು ಮಗುವಿಗೆ ಅಂಟಿಸಲಿಲ್ಲ. “ಇಷ್ಟು ಚಿಕ್ಕ ವಯಸ್ಸಿಗೆ ಖಚಿತವಾಗಿ ಹೇಳೋಕಾಗಲ್ಲ. ನೋಡ್ತಾ ಇರೋಣ” ಎಂದರು. ಇಂದಿಗೂ ನೋಡುತ್ತಲೇ ಇದ್ದಾರೆ. ಆ ಮಾತ್ರೆಯನ್ನೂ ನಾನು ದೂರುವುದಿಲ್ಲ. ಅದೇ ಮಾತ್ರೆಯಿಂದ ನೆಟ್ಟಗಾದ ಹುಡುಗನೊಬ್ಬ ನಮ್ಮ ಬೀದಿಯಲ್ಲೇ ಇದ್ದಾನೆ.

ಚನ್ನರಾಯಪಟ್ಟಣದವರಿಂದ ಜಾತಕ ಕೂಡಲಿಲ್ಲವೆಂದು ಸುದ್ದಿ ಬಂತು. ಹಿಂದಿನ ತಿಂಗಳು ಪೂರ್ತಿ ಕೂಡಿದ್ದ ಗ್ರಹಗಳು ಒಂದೇ ವಾರದಲ್ಲಿ ಜಗಳವಾಡಿಕೊಂಡಿದ್ದವು. ಲತಾಗೆ ಎರಡು ವರ್ಷ ಕಳೆದು ಬೇರೆ ಕಡೆ ಮದುವೆಯಾಯಿತು. ಆ ಗಂಡಿನವರಿಗೆ ಸುಬ್ಬಣ್ಣನೇ ಮೊದಲು ಹೋಗಿ ತನ್ನ ವಿಷಯ ತಿಳಿಸಿದ್ದ. ಚುಮ್ಮಿ ಈಗ ಹೈಸ್ಕೂಲು. ಮೊನ್ನೆ ಹಲ್ಲಿನ ಡಾಕ್ಟರು ಏನಾದರೂ ತೊಂದರೆ ಇದೆಯಾ ಎಂದು ಕೇಳಿದ್ದಕ್ಕೆ, “ನಮ್ಮ ಚಿಕ್ಕತಾತನಿಗೆ ಬೈಪೋಲಾರ್ ಇದೆ, ನನಗೆ ಬರಬಹುದು, ಬರದೇನೂ ಇರಬಹುದು” ಎಂದಳಂತೆ. ಅವರು ಕೇಳಿದ್ದು ದವಡೆಹಲ್ಲಿನ ಬಗ್ಗೆ.

ನನ್ನನ್ನು ಇನ್ನೂ ಬಿಡದಿರುವುದು ಬೇರೆ. ಚುಮ್ಮಿ ಆಸ್ಪತ್ರೆಯಲ್ಲಿದ್ದಾಗ ಕಮಲಮ್ಮನವರು ಸಾರನ್ನ ತಂದಿದ್ದರು. ಮಗು ಮಲಗಿತ್ತು. ಅವರ ಮೇಲೆ ನನಗೆ ಕುದಿಯುವಷ್ಟು ಕೋಪವಿತ್ತು, ಮುಖ ತಿರುಗಿಸಿ ಕೂತಿದ್ದೆ. ಅವರು ಕ್ಯಾರಿಯರ್ ಕೆಳಗಿಟ್ಟು ಮೆಲ್ಲಗೆ ಕೇಳಿದರು:

“ತಪ್ಪು ನಂದೇ ಬೀಗ್ರೇ. ಆದ್ರೆ ಒಂದು ಮಾತು ಹೇಳಿ. ಸುಬ್ಬಣ್ಣನ ವಿಷಯ ಮದುವೆ ಮಾತಾಡುವಾಗ್ಲೇ ಹೇಳಿದ್ದಿದ್ರೆ, ನೀವು ಸುಮಾನ ನಮ್ಮನೆಗೆ ಕೊಡ್ತಿದ್ರಾ?”

ಇಷ್ಟು ವರ್ಷವಾದರೂ ನಾನು ಉತ್ತರ ಕೊಟ್ಟಿಲ್ಲ. ಕೊಡುತ್ತಿದ್ದೆ ಎಂದರೆ ಅದು ಸುಳ್ಳು. ಕೊಡುತ್ತಿರಲಿಲ್ಲ ಎನ್ನೋಣವೆಂದರೆ, ನಾನು ಹಾಸನಕ್ಕೆ ಹೋದಾಗಲೆಲ್ಲ ಪಕ್ಕದ ಕೋಣೆಯಲ್ಲಿ ಚುಮ್ಮಿ ಓದಿಕೊಳ್ಳುತ್ತಿರುತ್ತಾಳೆ. ಅವಳಿಗೆ ಕೇಳಿಸಿಬಿಡುತ್ತದೆ.