ಕೆಳಮನೆಯ ಅಜ್ಜಿಯ ಬೆರ್ಲಿನರ್

ಹ್ಯಾಂಬರ್ಗಿನಲ್ಲಿ ನನ್ನ ಕೆಳಮನೆಯ ಅಜ್ಜಿ ಒಬ್ಬರೇ ಇದ್ದರು. ವರ್ಷದ ಕೊನೆಯ ದಿನ ಬೆರ್ಲಿನರ್ ಕರಿಯುತ್ತಿದ್ದರು. ಅದು ಒಳಗೆ ಜಾಮ್ ತುಂಬಿ, ಮೇಲೆ ಸಕ್ಕರೆ ಉದುರಿಸಿದ ಮೆತ್ತನೆಯ ಉಂಡೆ. ಆ ಸಂಜೆ ನಾನೊಬ್ಬನೇ ಅತಿಥಿ. ಬೆರಳಿಗಂಟಿದ ಸಕ್ಕರೆ ನೆಕ್ಕುತ್ತಾ, "ಇನ್ನೊಂದು ತಗೊಳ್ಳಿ" ಎನ್ನುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು.

ಎರಡನೆಯದರಲ್ಲೋ ಮೂರನೆಯದರಲ್ಲೋ, ಈಗ ಖಚಿತವಿಲ್ಲ, ಜಾಮ್ ಬದಲು ಅರೆದ ಸಾಸಿವೆ ಇತ್ತು. ಕೈತಪ್ಪಿನಿಂದ ಆಗಿರಬೇಕು, ಪಾಪ, ನೊಂದುಕೊಳ್ಳುತ್ತಾರೆ ಎಂದು ಮುಖ ಕಿವುಚದೆ ನುಂಗಿದೆ. ಚೆನ್ನಾಗಿದೆ ಎಂದೂ ಹೇಳಿದೆ. ನಾವಿಬ್ಬರೂ ತಿಂದು ಮುಗಿಸಿದ ಮೇಲೆ ಅವರು ಖಾಲಿ ತಟ್ಟೆಯನ್ನು ನೋಡುತ್ತಾ ಕುಳಿತರು.

"ಮರೆತುಬಿಟ್ಟೆನಲ್ಲ."

"ಏನನ್ನು?"

"ಏನಿಲ್ಲ ಬಿಡಿ."

ಮರುವಾರ ಆಫೀಸಿನಲ್ಲಿ ಧಾರವಾಡದ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. "ಲೇ ಮಗಾ, ಅದು ಇಲ್ಲಿನವ್ರ ನ್ಯೂ ಇಯರ್ ಚ್ಯಾಷ್ಟಿ! ಬೇಕಂತನ ಒಂದರಾಗ ಸಾಸಿವಿ ತುಂಬ್ತಾರ. ಸಿಕ್ಕಾಂವ ಒದರಬೇಕು, ಎಲ್ಲಾರೂ ನಗಬೇಕು. ನೀ ಸುಮ್ನ ನುಂಗಿದ್ಯಾ?"

ಅಂದೇ ಅಜ್ಜಿಯ ಬಾಗಿಲು ತಟ್ಟಿ, ಸಾಸಿವೆ ನನಗೇ ಸಿಕ್ಕಿತ್ತು, ನೀವು ಮರೆತಿರಲಿಲ್ಲ ಎಂದೆ. ಅವರು ನನ್ನ ಕೈ ಸವರಿದರು.

"ನೀವು ಒಳ್ಳೆಯವರು, ಅದಕ್ಕೇ ಹೀಗೆ ಹೇಳ್ತೀರಿ. ಡಾಕ್ಟರಿಗೆ ಆಗಲೇ ಫೋನ್ ಮಾಡಿದ್ದೀನಿ."