ಶೇಷಗಿರಿರಾಯರ ಕ್ಷೇತ್ರ
ಶೇಷಗಿರಿರಾಯರು ‘ನಮ್ಮ ಕ್ಷೇತ್ರ’ ಎಂದಾಗ ಧರ್ಮಸ್ಥಳವೋ ಶೃಂಗೇರಿಯೋ ಅಂದುಕೊಳ್ಳಬೇಡಿ. ಅದು ಆಸ್ಟ್ರೇಲಿಯಾದ ಹಳ್ಳಿಗಾಡಿನ ಒಂದು ಚುನಾವಣಾ ಕ್ಷೇತ್ರ. ಆಯುಷ್ಯವೆಲ್ಲ ಅಲ್ಲಿ ಡಾಕ್ಟರಾಗಿದ್ದು, ಈಗ ಅಮೆರಿಕದ ಫ್ರೀಮಾಂಟಿನಲ್ಲಿ ಮಗಳ ಮನೆಯಲ್ಲಿರುವ ಇವರ ಮುಂದೆ ಫ್ರೀವೇ ಟ್ರಾಫಿಕ್ಕು, ದೂರ ಎಂದು ಗೊಣಗಿದಿರೋ, ಕೆಟ್ಟಿರಿ. “ಇದೂ ಒಂದು ದೂರಾನೇನ್ರೀ? ನಮ್ಮ ಕ್ಷೇತ್ರದಲ್ಲಿ ಬೆಳಗ್ಗೆ ಹೊರಟ್ರೆ ಮಧ್ಯಾಹ್ನಕ್ಕೆ ಪಕ್ಕದೂರು!” ಎಂದು ಶುರುವಾಗಿ, ಕುರಿ ಸಾಕುವವರು, ಗಣಿಯವರು, ಇಟಲಿಯಿಂದ ಬಂದ ದ್ರಾಕ್ಷಿತೋಟದವರು, ಎಲ್ಲರೂ ಅವರವರ ಮಂಡಿನೋವಿನ ಸಮೇತ ಬಂದುಹೋಗುತ್ತಾರೆ. ಮತದಾನದ ದಿನ ಅಲ್ಲಿ ಶಾಲೆಯಂಗಳದಲ್ಲಿ ಬ್ರೆಡ್ಡಿನೊಳಗೆ ಸಾಸೇಜಿಟ್ಟು ಕೊಡುತ್ತಾರಂತೆ. ರಾಯರು ಮೊದಲ ಸಲ ಓಟು ಹಾಕಿದ ದಿನ, ಮಾಂಸ ತಿನ್ನದ ಈ ಹೊಸ ಡಾಕ್ಟರಿಗೆಂದೇ ಯಾರೋ ಮನೆಗೆ ಓಡಿ ಬೇರೆ ಬಾಣಲೆ ತಂದು ಈರುಳ್ಳಿ ಹುರಿದುಕೊಟ್ಟರಂತೆ. ಕಳೆದ ನವೆಂಬರಿನಲ್ಲಿ ಇಲ್ಲಿ ಚುನಾವಣೆಯಾದಾಗ, ಮತಗಟ್ಟೆಯಾಚೆಯ ಪಾರ್ಕಿನಲ್ಲಿ ರಾಯರು ಮೇಜು ಹಾಕಿ, ಹೋಗಿಬರುವವರಿಗೆಲ್ಲ ಬ್ರೆಡ್ಡು, ಹುರಿದ ಈರುಳ್ಳಿ ಹಂಚುತ್ತ ನಿಂತಿದ್ದರು. ತಡೆಯಲಾರದೆ ಕೇಳಿದೆ: “ರಾಯರೇ, ನಿಮಗೆ ಇಲ್ಲಿ ಓಟೇ ಇಲ್ವಲ್ಲ?” “ಇಲ್ಲಪ್ಪ,” ಎನ್ನುತ್ತ ನನ್ನ ಕೈಗೂ ಒಂದು ಬ್ರೆಡ್ಡಿಟ್ಟರು. “ಆದ್ರೂ ಕ್ಷೇತ್ರಕ್ಕೆ ಬಂದೋರು ಪ್ರಸಾದ ಇಲ್ದೆ ಹೋಗಬಾರದಲ್ಲ.”