ಚನಬಸನಗೌಡ ಮಾಸ್ತರ ಕಾಲ್ಡೆರಾ

ಬ್ಯಾಡಗಿಯ ಭೂಗೋಳದ ಮಾಸ್ತರು ಚನಬಸನಗೌಡರಿಗೆ ಶಿಕ್ಷಕರ ವಸ್ತುಪ್ರದರ್ಶನದಲ್ಲಿ ಒಮ್ಮೆಯೂ ಬಹುಮಾನ ಬಂದಿರಲಿಲ್ಲ. ನಿವೃತ್ತಿಯ ವರ್ಷ, ಇದೇ ಕಡೆಯ ಅವಕಾಶವೆಂದು, ಬೂದಿಯ ಗುಡ್ಡದ ಮಾದರಿಯೊಳಗೆ ಬಲೂನು ಹುಗಿದು ಹಾವೇರಿಯ ಪ್ರದರ್ಶನಕ್ಕೆ ಒಯ್ದರು.

ಪಕ್ಕದ ಮೇಜಿನ ಜ್ವಾಲಾಮುಖಿ ಕೆಂಪು ನೊರೆ ಉಗುಳಿ ಚಪ್ಪಾಳೆ ಗಿಟ್ಟಿಸಿತು.

“ಅದು ಉಗುಳಿ ಉಗುಳಿ ಬೆಳೆದ ಗುಡ್ಡರಿ. ಹೊಟ್ಟಿಯೊಳಗಿನ ಕರಗಿದ ಕಲ್ಲು ಖಾಲಿಯಾದ್ರ ನೆತ್ತಿ ಒಳಗ ಕುಸೀತೈತಿ. ಆ ದೊಡ್ಡ ತಗ್ಗೇ ಕಾಲ್ಡೆರಾ,” ಎನ್ನುತ್ತ ಮಾಸ್ತರು ಬಲೂನಿನ ಗಾಳಿ ತೆಗೆದರು. ಗುಡ್ಡ ಪಾಠದಲ್ಲಿದ್ದಂತೆಯೇ ಕುಸಿಯಿತು.

ಮೇಜಿನ ಮುಂದೆ ನಿಂತಿದ್ದ ಮುಖ್ಯ ಅತಿಥಿಗಳು ಕೊರಳಿನ ಹಾರ ಸರಿಪಡಿಸಿಕೊಂಡು ತಲೆಯೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಛೇ, ಬಿದ್ದೇ ಹೋತಲ್ರೀ ಮಾಸ್ತರ! ಮುಂದಿನ ವರ್ಷ ಗಟ್ಟಿಯಾಗಿ ಕಟ್ರಿ,” ಎಂದು ಬೆನ್ನು ತಟ್ಟಿ, ಬಹುಮಾನವನ್ನು ನೊರೆಗೆ ಕೊಟ್ಟರು.

ಮಾಸ್ತರಿಗೆ ಮುಂದಿನ ವರ್ಷವಿರಲಿಲ್ಲ. “ಹೂಂನ್ರಿ,” ಎಂದು ಬೂದಿಯನ್ನು ಬುಟ್ಟಿಗೆ ತುಂಬಿದರು.